ಎರಡನೇ ಬ್ರೇಕು

ಕಾರಿನ ಕೆಳಗಿಂದ ಆ ಮನುಷ್ಯರ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಇಸ್ತ್ರಿ ಹಾಕಿದ ಪ್ಯಾಂಟು, ಮಿರಮಿರ ಮಿಂಚುವ ಬೂಟು. ಶೆಡ್ಡಿನ ನೆಲಕ್ಕೆ ಹಳೇ ಪೇಪರು ಹಾಸಿಕೊಂಡು, ಟಾರ್ಚು ಹಿಡಿದು ಮಲಗಿದ್ದವರು ಒಳಗಿಂದಲೇ "ಓಹೋ", "ಅಬ್ಬಬ್ಬಾ" ಎನ್ನುತ್ತಿದ್ದರು. ಹೋದ ವರ್ಷ ಕಣ್ಣಿನ ಡಾಕ್ಟರು ತಮ್ಮ ಕಣ್ಣೊಳಗೆ ಬೆಳಕು ಬಿಟ್ಟು ಹೀಗೇ ಹೂಂಗುಟ್ಟಿದ್ದು ಟೀಚರಮ್ಮನಿಗೆ ನೆನಪಾಯಿತು. ಅಷ್ಟೆಲ್ಲ ಹೂಂಗುಟ್ಟಿ ಆ ಡಾಕ್ಟರು ಕೊನೆಗೆ ಹೇಳಿದ್ದು ಒಂದೇ ಮಾತು: ಇನ್ನು ಗಾಡಿ ಮುಟ್ಟಬೇಡಿ. ಅವತ್ತಿನಿಂದ ಕಾರು ಶೆಡ್ಡಿನಲ್ಲೇ ಇತ್ತು. ಟೀಚರಮ್ಮನ ತಮ್ಮ ವಾರಕ್ಕೊಮ್ಮೆ ಇಂಜಿನ್ ಚಾಲೂ ಮಾಡಿ, ಗೇಟಿನವರೆಗೆ ತಂದು, ಮತ್ತೆ ಒಳಗೆ ನಿಲ್ಲಿಸುತ್ತಿದ್ದ. ಶೆಡ್ಡಿನ ಗೋಡೆಗೂ ಈಗ ಬಿರುಕು ಬಿಟ್ಟು ಒಳಗೆಲ್ಲ ತೇವ. ಹಳೇ ಕಾರುಗಳನ್ನು ಕೂಡಿಡುವ ಈ ಸಾಹೇಬರನ್ನು ಎಲ್ಲಿಂದಲೋ ಹುಡುಕಿ ಕರೆಸಿದವನೂ ಅವನೇ.

ಸಾಹೇಬರು ತೆವಳಿಕೊಂಡು ಹೊರಬಂದರು. ಕೆನ್ನೆಗೆ ಗ್ರೀಸು ಮೆತ್ತಿತ್ತು. "ಅಮ್ಮಾ, ಇದು ಏನು ಅಂತ ಗೊತ್ತಾ ನಿಮಗೆ?"

"ಕಾರು," ಎಂದರು ಟೀಚರಮ್ಮ.

ಸಾಹೇಬರು ಮನಸಾರೆ ನಕ್ಕರು. ಆಮೇಲೆ ಚಾಕುವಿನ ತುದಿಯಿಂದ ಸೀಟಿನ ಅಡಿಯ ತಗಡನ್ನು ಮೆಲ್ಲಗೆ ಕೆರೆದರು. ಕೆಂಪು ಬಣ್ಣ ಹೋಯಿತು, ಅದರಡಿಯ ಕಪ್ಪು ಹೋಯಿತು. ಅದಕ್ಕೂ ಕೆಳಗೆ ತೆಳು ಹಸಿರು ಕಂಡಿತು. "ನೋಡಿ ಇಲ್ಲಿ. ಮಹಾಯುದ್ಧ ಮುಗಿದ ಹೊಸತರಲ್ಲಿ ವಿಲಾಯಿತಿ ಕಾರ್ಖಾನೆಗಳಿಗೆ ಉಕ್ಕೇ ಸಿಗ್ತಿರಲಿಲ್ಲ. ವಿಮಾನಕ್ಕೆ ಅಂತ ತಂದು ಉಳಿದಿದ್ದ ಅಲ್ಯೂಮಿನಿಯಂನಲ್ಲೇ ಬಾಗಿಲು ಮಾಡಿದರು, ವಿಮಾನಕ್ಕೆ ಬಳಿದು ಉಳಿದ ಬಣ್ಣವನ್ನೇ ಬಳಿದರು. ಮೇಲಿನ ಬಟ್ಟೆ ಮಡಚಿದರೆ ಪೂರ್ತಿ ಆಕಾಶ! ಅಷ್ಟು ವರ್ಷ ಬಂಕರಿನಲ್ಲಿ ಕೂತಿದ್ದ ಜನಕ್ಕೆ ಅದೇ ಬೇಕಾಗಿತ್ತು. ಎರಡೇ ವರ್ಷ ಮಾಡಿದ್ದು. ಉಕ್ಕು ಸಿಗೋಕೆ ಶುರುವಾದ ಮೇಲೆ ನಿಲ್ಲಿಸಿಬಿಟ್ಟರು. ಈಗ ಉಳಿದಿರೋದು ಬೆರಳೆಣಿಕೆ."

ಟೀಚರಮ್ಮ ಬಗ್ಗಿ ಆ ಹಸಿರನ್ನು ಬೆರಳಿಂದ ಮುಟ್ಟಿದರು. ಅಪ್ಪ ಕೊಂಡು ತಂದಾಗ ಕಾರು ಕಪ್ಪಗಿತ್ತು. ಅಪ್ಪ ತೀರಿಕೊಂಡ ಮೇಲೆ ಡ್ರೈವಿಂಗ್ ಶಾಲೆ ಇಟ್ಟಾಗ ಕೆಂಪು ಬಳಿಸಿದ್ದು ಇವರೇ. ಜನ ದೂರದಿಂದಲೇ ಕಂಡು ದಾರಿ ಬಿಡಲಿ ಅಂತ. ಬಿಡುತ್ತಿದ್ದರು ಕೂಡ. "ಟೀಚರಮ್ಮನ ಗಾಡಿ ಬಂತು, ಮರ ಹತ್ತಿ!" ಎಂದು ಸೈಕಲ್ ಅಂಗಡಿಯವನು ಕೂಗುತ್ತಿದ್ದ. ಗಂಡಸರ ಜೊತೆ ಮುಚ್ಚಿದ ಕಾರಿನಲ್ಲಿ ಹೆಂಡತಿಯನ್ನು ಕಲಿಯಲು ಕಳಿಸಲು ಮನಸ್ಸಾಗದವರಿಗೆ ಇದರ ಬಗ್ಗೆ ಏನೂ ತಕರಾರಿರಲಿಲ್ಲ. ಕಲಿಸುವವಳು ಹೆಂಗಸು, ಕಾರಿಗೆ ಚಾವಣಿಯೇ ಇಲ್ಲ, ಊರಿಗೆ ಊರೇ ನೋಡುತ್ತದೆ. ದರ್ಜಿಯ ಹೆಂಡತಿ, ದಾದಿಯರು, ಬ್ಯಾಂಕಿನ ಹುಡುಗಿಯರು, ಗಂಡನನ್ನು ಕಳೆದುಕೊಂಡು ಟೆಂಪೋ ಓಡಿಸಲು ಹೊರಟಿದ್ದ ಬೇಕರಿಯಮ್ಮ, ಎಲ್ಲರೂ ಈ ಸ್ಟೀರಿಂಗಿಗೇ ಜೋತುಬಿದ್ದು ಬೆವರಿದವರು. ಕಾರಿಗೆ ಇಂಡಿಕೇಟರ್ ಇರಲಿಲ್ಲ; ತಿರುಗುವಾಗ ಕೈಯನ್ನು ನೆಟ್ಟಗೆ ಹೊರಗೆ ಚಾಚಿ, ಮೊಳಕೈ ಮಡಚಬೇಡಿ ಎಂದು ಎಲ್ಲರಿಗೂ ಹೇಳಿಕೊಡುತ್ತಿದ್ದರು.

"ಇದೊಂದೇ ತೊಂದರೆ," ಎಂದು ಸಾಹೇಬರು ಎಡಗಡೆ ಸೀಟಿನ ಮುಂದೆ ಟಾರ್ಚು ಬಿಟ್ಟರು. ಅಲ್ಲಿ ಕಲಿಸುವವರ ಕಾಲಿಗೆಂದು ನೆಲ ಕೊರೆದು ಬೆಸುಗೆ ಹಾಕಿ ಕೂಡಿಸಿದ ಇನ್ನೊಂದು ಬ್ರೇಕ್ ಪೆಡಲ್ ಇತ್ತು. ಅದರ ರಬ್ಬರು ಸವೆದು ಕಬ್ಬಿಣ ಬೆಳ್ಳಗಾಗಿತ್ತು. "ಸಂಗ್ರಹ ಮಾಡೋರಿಗೆ ಕಾರು ಕಾರ್ಖಾನೆಯಿಂದ ಹೊರಬಂದ ಹಾಗೇ ಇರಬೇಕು. ಇದನ್ನ ತೆಗೆಸಿ, ತೂತು ಮುಚ್ಚಿಸಿಬಿಟ್ಟರೆ ನಾನು ಎರಡು ಮಾತಾಡದೆ ತಗೋತೀನಿ."

"ಅಂದರೆ ಇಷ್ಟು ವರ್ಷ ನಾನು ಇದನ್ನ ಹಾಳು ಮಾಡಿದೆ ಅನ್ನಿ."

ಸಾಹೇಬರಿಗೆ ಮುಜುಗರವಾಯಿತು. "ಛೇ, ಹಾಗಲ್ಲಮ್ಮಾ. ನೀವು ಓಡಿಸದೆ ಇದ್ದಿದ್ದರೆ ಇದು ಯಾವತ್ತೋ ಗುಜರಿ ಸೇರ್ತಿತ್ತು. ಇಂಜಿನ್ ಕೂಡ ಬದಲಾಗಿಲ್ಲ. ನನ್ನ ಹತ್ತಿರ ಇರೋ ಎಷ್ಟೋ ಕಾರು ಇಷ್ಟು ಚೆನ್ನಾಗಿ ಉಸಿರಾಡಲ್ಲ."

ಆ ಮಾತು ಟೀಚರಮ್ಮನಿಗೆ ಹಿಡಿಸಿತು. ಸಾಹೇಬರ ಮನೆಯಲ್ಲಿ ಕಾರಿಗೆ ತೇವ ತಗಲದು ಎಂಬುದೂ ಗೊತ್ತಿತ್ತು. "ಆಯ್ತು, ತೆಗೆಸಿಬಿಡು," ಎಂದು ತಮ್ಮನಿಗೆ ಹೇಳಿ ಒಳಗೆ ನಡೆದರು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ತಮ್ಮ ಒಂದೇ ಸಮನೆ ಮಾತಾಡಿದ. ನಾಳೆ ಬೆಳಿಗ್ಗೆ ಮೆಕ್ಯಾನಿಕ್ ಬರುತ್ತಾನಂತೆ, ಅರ್ಧ ಗಂಟೆಯ ಕೆಲಸವಂತೆ. ಅವನ ಹೆಂಡತಿ, ಟೀಚರಮ್ಮನ ನಾದಿನಿ, ಎಂದಿನಂತೆ ಬಡಿಸಿದಳು. ತಮ್ಮ ಉಂಡು ಮಲಗಿದ. ಟೀಚರಮ್ಮ ಶೆಡ್ಡಿಗೆ ಹೋಗಿ ಎಡಗಡೆ ಸೀಟಿನಲ್ಲಿ ಸುಮ್ಮನೆ ಕೂತರು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳಾಡಿತು. ನಾದಿನಿ ಚಪ್ಪಲಿ ಹಾಕಿಕೊಂಡು, ಮೇಲೆ ಸ್ವೆಟರು ತೊಟ್ಟು ನಿಂತಿದ್ದಳು.

"ಅತ್ತಿಗೆ, ನಾಳೆ ಅದನ್ನ ಕಿತ್ತು ಹಾಕ್ತಾರಂತಲ್ಲ."

"ಹೂಂ."

"ಹಾಗಾದರೆ ಇವತ್ತೇ ಆಗಬೇಕು."

"ಏನು?"

"ನನ್ನ ಪಾಠ ಅರ್ಧಕ್ಕೇ ನಿಂತಿದೆ."

ಊರಿಗೆಲ್ಲ ಕಲಿಸಿದ ಟೀಚರಮ್ಮ ಮನೆಯವಳಿಗೆ ಕಲಿಸಿರಲಿಲ್ಲ. ಕಲಿಸಲು ಹೊರಟದ್ದೇನೋ ನಿಜ. ನಾದಿನಿ ಮದುವೆಯಾಗಿ ಬಂದ ಹೊಸತು. ಮಾರ್ಕೆಟ್ಟಿನ ತಿರುವಿನಲ್ಲಿ ಅವಳು ಗಾಬರಿಯಾಗಿ ತರಕಾರಿ ಗಾಡಿಯ ಮೇಲೆ ನುಗ್ಗಿಸುವುದರಲ್ಲಿದ್ದಾಗ ಟೀಚರಮ್ಮ ಬ್ರೇಕನ್ನು ಕಾಲು ಮುರಿಯುವ ಹಾಗೆ ಒತ್ತಿದ್ದರು. ಅವಳ ಹಣೆ ಗಾಜಿಗೆ ಬಡಿಯಿತು. ಸುತ್ತಲಿನವರು ಗೊಳ್ಳೆಂದು ನಕ್ಕರು. ಆ ಗದ್ದಲದಲ್ಲಿ ಟೀಚರಮ್ಮ, "ನಿನಗೆ ಈ ಜನ್ಮಕ್ಕೆ ಬರಲ್ಲ, ಇಳಿ," ಎಂದಿದ್ದರು. ಅವಳು ಇಳಿದಳು. ಬಾಗಿಲನ್ನು ಸದ್ದಾಗದ ಹಾಗೆ ಹಾಕಿ, ಮಾರ್ಕೆಟ್ಟಿನ ನಡುವೆಯೇ ನಡೆದು ಮನೆಗೆ ಹೋದಳು. ಆಮೇಲೆ ಜಗಳವೇನೂ ಆಗಲಿಲ್ಲ. ಟೀಚರಮ್ಮ ಕಾಯಿಲೆ ಬಿದ್ದಾಗ ನೋಡಿಕೊಂಡಳು, ಹಬೆಯಾಡುವ ಕಾಫಿಯನ್ನು ಹೊತ್ತುಹೊತ್ತಿಗೆ ತಂದಿಟ್ಟಳು. ಆದರೆ ಕೆಂಪು ಕಾರಿನಲ್ಲಿ ಮತ್ತೆ ಕೂರಲಿಲ್ಲ. ಆಸ್ಪತ್ರೆಗೆ ಹೆರಿಗೆಗೆ ಹೋದದ್ದೂ ಬಾಡಿಗೆ ಗಾಡಿಯಲ್ಲೇ.

"ನನಗೆ ಕಣ್ಣು ಕಾಣಲ್ಲ ಕಣೇ," ಎಂದರು ಟೀಚರಮ್ಮ. "ಹತ್ತಿರದ್ದು ಕಾಣುತ್ತೆ. ದೂರದ್ದೆಲ್ಲ ಮಸುಕು."

"ನನಗೆ ಕಾಣುತ್ತಲ್ಲ. ಮುಂದೆ ಏನಿದೆ ಅಂತ ಹೇಳ್ತಾ ಹೋಗ್ತೀನಿ. ನೀವು ಕೂತಿರಿ, ಸಾಕು."

ಮುಚ್ಚಿದ ಗಿರಣಿಯ ಹಿಂದೆ ಬಯಲಿತ್ತು. ಅಲ್ಲಿಗೆ ಹೋಗುವ ಹಿಂದಿನ ಬೀದಿಯಲ್ಲಿ ಮಧ್ಯಾಹ್ನ ನರಪಿಳ್ಳೆ ಇರುವುದಿಲ್ಲ. ಇಬ್ಬರೂ ಸೇರಿ ಹೇಗೋ ಬಟ್ಟೆಯ ಚಾವಣಿ ಮಡಚಿದರು. ನಾದಿನಿ ಇಂಜಿನ್ ಹಚ್ಚಿದಳು. ಕಾರು ಮುಂದಕ್ಕೆ ಕುಪ್ಪಳಿಸಿ ಆಫ್ ಆಯಿತು. ಮತ್ತೆ ಹಚ್ಚಿದಳು, ಮತ್ತೆ ಕುಪ್ಪಳಿಸಿತು.

"ಅವತ್ತು ನೀವು ಏನಂದಿರಿ, ನೆನಪಿದೆಯಾ?" ಎಂದಳು ನಾದಿನಿ, ಎದುರಿನ ಗಾಜನ್ನೇ ನೋಡುತ್ತ.

"ಇದೆ."

"ಈಗ ಏನಂತೀರಿ?"

"ಕ್ಲಚ್ಚು ನಿಧಾನಕ್ಕೆ ಬಿಡು ಅಂತೀನಿ. ಮಲಗಿದ ಮಗು ತಲೆಯಡಿಯಿಂದ ಕೈ ತೆಗೀತೀವಲ್ಲ, ಹಾಗೆ."

ಕಾರು ಮೆಲ್ಲಗೆ ಜಾರಿತು. ಗೇಟು ದಾಟಿತು. "ಎಡಕ್ಕೆ ಗೋಡೆ ಇದೆ ಅತ್ತಿಗೆ," ಎನ್ನುತ್ತ ಹೋದಳು ನಾದಿನಿ. "ಗೋಡೆ ಮುಗೀತು. ಒಂದು ನಾಯಿ ಮಲಗಿದೆ. ಎದ್ದಿತು. ಪುಣ್ಯಾತ್ಮ, ಹೋಯ್ತು. ಈಗ ಬಯಲು. ಪೂರಾ ಖಾಲಿ." ಟೀಚರಮ್ಮನ ಬಲಗಾಲು ತನ್ನಷ್ಟಕ್ಕೇ ಪೆಡಲಿನ ಮೇಲೆ ಹೋಗಿ ಕೂತಿತ್ತು. ಬಯಲಿನ ಕೊನೆಯಲ್ಲಿ ತಿರುವು ಬಂದಾಗ ಅದರ ಸ್ನಾಯು ಬಿಗಿಯಿತು. ಅವರು ಎರಡೂ ಕೈಯಿಂದ ಮೊಣಕಾಲು ಹಿಡಿದು ಕಾಲನ್ನು ಸೀಟಿನ ಹತ್ತಿರಕ್ಕೆ ಎಳೆದುಕೊಂಡರು. ಕಾರು ಗುಡುಗುಡು ಎನ್ನುತ್ತ, ಕೊಂಚ ಅಗಲವಾಗಿಯೇ, ತಿರುಗಿತು.

"ತಿರುಗ್ತು!" ಎಂದು ನಾದಿನಿ ಕಿರುಚಿದಳು. ಅರವತ್ತರ ಹೆಂಗಸು ಹೀಗೆ ಕಿರುಚಿದ್ದನ್ನು ಕೇಳಿ ಟೀಚರಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಮತ್ತೊಂದು ಸುತ್ತು ಹೊಡಿ," ಎಂದರು. ಬಿಸಿಲು ಇಳಿಯುವವರೆಗೆ ಸುತ್ತು ಹೊಡೆದರು. ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿದಾಗ ತಮ್ಮ ಗೇಟಿನಲ್ಲಿ ಸೊಂಟಕ್ಕೆ ಕೈಕೊಟ್ಟು, ಬಾಯಿ ಬಿಟ್ಟುಕೊಂಡು ನಿಂತಿದ್ದ.

ಮರುದಿನ ಮೆಕ್ಯಾನಿಕ್ ಬಂದು ಪೆಡಲ್ ಬಿಚ್ಚಿದ. ವಾರದೊಳಗೆ ಕಾರೂ ಹೋಯಿತು.

ಮುಂದಿನ ವರ್ಷ ಹಳೇ ಕಾರುಗಳ ಪ್ರದರ್ಶನಕ್ಕೆ ಸಾಹೇಬರು ಮೂವರನ್ನೂ ಕರೆದರು. ದೊಡ್ಡ ಮೈದಾನದಲ್ಲಿ ಸಾಲಾಗಿ ನಿಂತ ಕಾರುಗಳ ನಡುವೆ ಟೀಚರಮ್ಮ ತಮ್ಮದನ್ನು ದಾಟಿಕೊಂಡು ಮುಂದೆ ಹೋಗಿಬಿಟ್ಟಿದ್ದರು. ನಾದಿನಿ ತೋಳು ಹಿಡಿದು ಹಿಂದಕ್ಕೆ ಕರೆತಂದಳು. ತೆಳು ಹಸಿರು, ಕೆನೆಬಣ್ಣದ ಚಾವಣಿ, ಕನ್ನಡಿಯಂಥ ಬಂಪರು. ಸುತ್ತ ಹಗ್ಗ ಕಟ್ಟಿತ್ತು. ಮುಂದೊಂದು ಫಲಕ.

"ಏನು ಬರೆದಿದೆ?"

ನಾದಿನಿ ಓದಿದಳು. "ಯುದ್ಧಾನಂತರದ ಅಪರೂಪದ ಮಾದರಿ. ಒಂದೇ ಕುಟುಂಬದ ಬಳಿ ಇದ್ದದ್ದು. ಅತಿ ಜೋಪಾನವಾಗಿ, ವಿರಳವಾಗಿ ಬಳಸಿದ್ದು."

"ವಿರಳವಾಗಿ!" ಎಂದು ಟೀಚರಮ್ಮ ನಕ್ಕರು. ಸಾಹೇಬರು ಹಗ್ಗ ಎತ್ತಿ, ಕೂತು ನೋಡಿ ಎಂದು ಬಾಗಿಲು ತೆರೆದರು. "ಬೇಡ ಸಾಹೇಬರೇ, ನನ್ನ ಚಪ್ಪಲಿಯಲ್ಲಿ ಮಣ್ಣಿದೆ," ಎಂದು ಬಾಗಿಲಿನ ಮೇಲೊಮ್ಮೆ ಅಂಗೈ ಇಟ್ಟು ತೆಗೆದರು. ಲೋಹ ಬಿಸಿಲಿಗೆ ಬೆಚ್ಚಗಿತ್ತು. "ಚೆನ್ನಾಗಿಟ್ಟಿದ್ದೀರಿ," ಎಂದರು. ಅದು ಮನಸ್ಸಿನಿಂದಲೇ ಬಂದ ಮಾತು.

ವಾಪಸು ಹೊರಟಾಗ ಗೇಟಿನ ಬಳಿ ವಾಹನಗಳ ದೊಡ್ಡ ಸಾಲು. ತಮ್ಮ ಕೊಂಡ ಸಣ್ಣ ಕಾರನ್ನು ನಾದಿನಿ ಓಡಿಸುತ್ತಿದ್ದಳು. ಲೈಸೆನ್ಸು ಬಂದು ಇನ್ನೂ ಹೊಸತು. ತಮ್ಮ ಹಿಂದಿನ ಸೀಟಿನಲ್ಲಿ ಹಿಡಿಕೆ ಬಿಗಿಹಿಡಿದು, "ಇಂಡಿಕೇಟರ್ ಹಾಕು ಮಾರಾಯ್ತಿ," ಎಂದ. ಅವಳು ಹಾಕಿದಳು. ಅದು ಟಿಕ್ ಟಿಕ್ ಎನ್ನುತ್ತಿದ್ದಂತೆಯೇ ಕಿಟಕಿ ಇಳಿಸಿ, ಬಲಗೈಯನ್ನು ಹೊರಗೆ ಚಾಚಿದಳು, ಅಂಗೈ ಮುಂದಕ್ಕೆ, ಬೆರಳು ಜೋಡಿಸಿ, ಮೊಳಕೈ ಚೂರೂ ಮಡಚದೆ. ಹಿಂದೆ ಹಾರನ್ ಹೊಡೆಯುತ್ತಿದ್ದ ಲಾರಿ ನಿಧಾನಿಸಿತು. ಟೀಚರಮ್ಮ ಕತ್ತು ಹೊರಳಿಸಿ ನೋಡಿದರು. ಕಾರು ತಿರುಗಿ ರಸ್ತೆಗೆ ಸೇರುವವರೆಗೂ ಆ ಕೈ ಹಾಗೇ ಇತ್ತು, ಸ್ವೆಟರಿನ ತೋಳು ಗಾಳಿಗೆ ಪಟಪಟ ಎನ್ನುತ್ತ.