ಚಕ್ರವಿಲ್ಲದ ಹಡಗು

ಮಂಗೋಲಿಯದ ರಾಜಧಾನಿ ಉಲಾನ್‌ಬಾತರ್‌ನ ಗುಡ್ಡದಂಚಿನ ಆ ಕೇರಿಯಲ್ಲಿ ನಾಯಿಗಳ ಕಾಟ. ಅದಕ್ಕೇ ತಾಯಿ ಕೆಲಸಕ್ಕೆ ಹೋಗುವಾಗ ಸೊಲೊಂಗೊ ಮತ್ತು ಅವಳ ತಮ್ಮ ಬಿಲ್ಗೂನ್‌ನನ್ನು ಎತ್ತರದ ಬೇಲಿಯ ಹಿತ್ತಲಲ್ಲಿ ಬಿಟ್ಟು ಬೇಲಿಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದಳು. ಅಲ್ಲಿ ಅರ್ಧಕ್ಕೇ ನಿಂತ ಮನೆಯ ಪಾಯದಲ್ಲಿ ಮಳೆನೀರು ನಿಂತಿತ್ತು. ಅದು ಮಕ್ಕಳ ಸಮುದ್ರ. ದಡದಲ್ಲಿದ್ದ ಚಕ್ರವಿಲ್ಲದ ಹಳೇ ಕಾರು ಅವರ ಹಡಗು.

ಪಕ್ಕದ ಮನೆಯ ಎನೆರೆಲ್ ಒಂದು ದಿನ ತಮ್ಮ ಕಡೆಯ ಕಲ್ಲಿದ್ದಲ ಮೂಟೆ ಹತ್ತಿ ಹಲಗೆಬೇಲಿಯ ಮೇಲಿಂದ ಇಣುಕಿದಳು.

“ಏ ಕೈದಿಗಳಾ, ಏನ್ ಮಾಡ್ತಿದ್ದೀರೋ?”

“ಜಪಾನಿಗೆ ಹೊರಟಿದ್ದೀವಿ. ಜಾಗ ಇಲ್ಲ, ಹೋಗೇ,” ಎಂದ ಬಿಲ್ಗೂನ್.

ಅವಳು ಒಳಕ್ಕೆ ಹಾರಿಯೇಬಿಟ್ಟಳು. ಮೂವರೂ ಸೇರಿ ಬಕೆಟ್ಟಿನಲ್ಲಿ ತಿಮಿಂಗಿಲ ಹಿಡಿದರು. ಹಸಿವಾದಾಗ ಎನೆರೆಲ್ ಬೇಲಿ ಹತ್ತಲು ಹೋದಳು. ಒಳಗಡೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಬಾಗಿಲು ಬಡಿಬಡಿದು ಅತ್ತಳು.

“ಕೀಲಿ ಅಮ್ಮನ ಹತ್ರ ಇದೆ ಕಣೇ. ಸಂಜೆ ಬರ್ತಾಳೆ,” ಎಂದಳು ಸೊಲೊಂಗೊ.

“ದಿನಾ ಹಿಂಗೇನಾ?”

“ಹೂಂ.”

ಸೊಲೊಂಗೊ ತನ್ನ ಪಾಲಿನ ಒಣಮೊಸರಿನ ತುಂಡು ಕೊಟ್ಟು, ಅವಳನ್ನು ಕಾರಿನ ಸ್ಟೀರಿಂಗ್ ಮುಂದೆ ಕೂರಿಸಿದಳು.

ಸಂಜೆ ಬಾಗಿಲು ತೆರೆದದ್ದೇ ತಡ, ಎನೆರೆಲ್ ಹಿಂತಿರುಗಿ ನೋಡದೆ ಓಡಿದಳು. ಮರುದಿನ ಬಂದಳು, ಆದರೆ ಬೇಲಿಯಾಚೆಯೇ ನಿಂತಳು.

“ನಿಮ್ಮ ಹಡಗಿಗೆ ನಾನು ಇಲ್ಲಿಂದ್ಲೇ ಗಾಳಿ ಆಗ್ತೀನಿ,” ಎಂದು ಜೋರಾಗಿ ಊದತೊಡಗಿದಳು.