ಹಳೆಯ ಕರ್ನೆಲ್‌ಗೆ ಹದಿನಾಲ್ಕು ಸಾಲು

೨೦೧೯ರ ನವೆಂಬರ್ ೧೨, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಪರೀಕ್ಷಾ ಕೋಣೆಯ ಮೇಜಿನ ಮೇಲಿದ್ದ ಪಂಪಿನ ನಿಯಂತ್ರಕ ಸುಮ್ಮನಾಯಿತು. ಬೆಳಗಿನ ಜಾವದಿಂದ ತೊಂಬತ್ತು ಸೆಕೆಂಡಿಗೊಮ್ಮೆ ಅದರ ಕರೆಂಟು ಕಿತ್ತು ಮತ್ತೆ ಕೊಡುತ್ತಿದ್ದರು. ಮುನ್ನೂರ ಹದಿನಾರು ಸಲ ಎದ್ದಿತ್ತು. ಮುನ್ನೂರ ಹದಿನೇಳನೆಯ ಸಲ ಏಳಲಿಲ್ಲ.

“ಸತ್ತಿಲ್ಲ ಅಕ್ಕ,” ಎಂದ ಪರೀಕ್ಷಕ. “ಏನನ್ನೋ ಕಾಯ್ತಾ ಕೂತಿದೆ.”

ಅವಳನ್ನು ಕಚೇರಿಯವರೆಲ್ಲ ಮ್ಯೂಸಿಯಂ ಅಕ್ಕ ಎನ್ನುತ್ತಿದ್ದರು. ಆರುನೂರ ಮೂವತ್ತು ಪಂಪುಮನೆಗಳಲ್ಲಿ ಓಡುವ ಹಳೆಯ ಕರ್ನೆಲ್ ಅನ್ನು, ಅಂದರೆ ಯಂತ್ರದ ಮೂಲ ತಂತ್ರಾಂಶವನ್ನು, ಬಲ್ಲವಳು ಅವಳೊಬ್ಬಳೇ. ಹೊಸದನ್ನು ಹಾಕುವಂತಿರಲಿಲ್ಲ. ಮೋಟಾರು ನಡೆಸುವ ತಂತ್ರಾಂಶ ಬರೆದ ಕಂಪನಿ ಬಾಗಿಲು ಮುಚ್ಚಿ ಹೋಗಿತ್ತು. ಆ ತಂತ್ರಾಂಶವೋ, ಈ ಒಂದು ಕರ್ನೆಲ್ ಬಿಟ್ಟು ಬೇರೆ ಯಾವುದರ ಜೊತೆಗೂ ಸಂಸಾರ ಮಾಡುತ್ತಿರಲಿಲ್ಲ.

ಈ ಕರ್ನೆಲ್‌ನಲ್ಲಿ ಫೈಲುಗಳನ್ನು ಡಿಸ್ಕಿಗೆ ಬರೆದಿಡುವ ಭಾಗದಲ್ಲಿ, ಫೈಲ್‌ಸಿಸ್ಟಮ್‌ನಲ್ಲಿ, ಒಂದು ದೋಷವಿತ್ತು. ಬರೆಯುವಾಗ ಕರೆಂಟು ಹೋದರೆ ಫೈಲಿನ ಹೆಸರು ಉಳಿಯುತ್ತಿತ್ತು, ಒಳಗೆ ಏನೂ ಇರುತ್ತಿರಲಿಲ್ಲ. ಖಾಲಿ ಫೈಲು ಓದಿದ ಪಂಪು ನಿಂತೇಬಿಡುತ್ತಿತ್ತು. ಹೊಸ ಕರ್ನೆಲ್‌ಗೆ ಹದಿನಾಲ್ಕು ಸಾಲು ಕೋಡಿನ ಪರಿಹಾರ ಬಂದಿತ್ತು. ಅದನ್ನು ಹಳೆಯದಕ್ಕೆ ತಂದು ಕೂರಿಸಬೇಕು. ಅದಾದರೆ ಅವಳಿಗೆ ಗಂಡ, ಮಗಳು ಇರುವ ಊರಿಗೆ ವರ್ಗ. ಎರಡು ವರ್ಷದಿಂದ ಅವಳು ತಿಂಗಳಿಗೊಮ್ಮೆ ಬಂದು ಹೋಗುವ ಅಮ್ಮ. ವರ್ಗದ ಆದೇಶ ಇವತ್ತು ಸಂಜೆ ಐದರವರೆಗೆ ಮಾತ್ರ. ತಪ್ಪಿದರೆ ಮುಂದಿನ ವರ್ಷದ ಪಟ್ಟಿ.

ಹದಿನಾಲ್ಕು ಸಾಲೂ ಹಳೆಯ ಕರ್ನೆಲ್‌ನಲ್ಲಿ ತಕರಾರಿಲ್ಲದೆ ಕೂತಿದ್ದವು. ಮೋಸ ಹೋಗಿದ್ದೇ ಅಲ್ಲಿ.

ಅವಳು ಪರದೆಯನ್ನು ಸಾಲುಸಾಲಾಗಿ ಓದಿದಳು. ಫೈಲು ಬರೆಯುವ ಕೆಲಸ ಒಂದು ಬೀಗಕ್ಕಾಗಿ ಕಾಯುತ್ತಿತ್ತು. ಇಬ್ಬರು ಒಟ್ಟಿಗೆ ಬರೆಯದಂತೆ ತಡೆಯುವ ಬೀಗ ಅದು. ಹಿಡಿದವರು ಬಿಟ್ಟ ಮೇಲಷ್ಟೇ ಇನ್ನೊಬ್ಬರಿಗೆ ಸಿಗುತ್ತದೆ. ಹಿಡಿದವರು ಯಾರೆಂದು ನೋಡಿದರೆ, ಅದೇ ಕೆಲಸ. ತನ್ನ ಕೈಯಲ್ಲಿದ್ದದ್ದನ್ನು ಯಾರಾದರೂ ಬಿಡಲಿ ಎಂದು ತಾನೇ ಕಾಯುತ್ತಿತ್ತು.

ಹೊಸ ಪರಿಹಾರ ಬೀಗವನ್ನು ತಾನೇ ಹಾಕಿಕೊಳ್ಳುತ್ತದೆ. ಈ ಹಳೆಯ ಕರ್ನೆಲ್‌ನಲ್ಲಿ, ಡಿಸ್ಕಿನಲ್ಲಿ ಜಾಗ ಮುಗಿಯುತ್ತ ಬಂದಾಗ ಮಾತ್ರ ಕೋಡು ಹಿಡಿಯುವ ಒಂದು ದಾರಿಯಲ್ಲಿ, ಯಾರೋ ಅದನ್ನು ಮೊದಲೇ ಹಾಕಿಟ್ಟಿದ್ದರು. ಆ ಸಾಲಿನ ಪಕ್ಕದಲ್ಲಿ ‘ತಾತ್ಕಾಲಿಕ’ ಎಂಬ ಟಿಪ್ಪಣಿ, ಎಂಟು ವರ್ಷದ ಹಿಂದಿನ ತಾರೀಖು.

“ಯಾರಕ್ಕ ಈ ಕೆಲಸ ಮಾಡಿದ್ದು?” ಪರೀಕ್ಷಕ ಕತ್ತು ಚಾಚಿದ.

“ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಆ ಮಹರಾಯ ನಾನೇ.”

ವಿಷಯ ತಿಳಿದು ಮುಖ್ಯಸ್ಥರು ಬಂದರು. ನಿವೃತ್ತಿಗೆ ಹತ್ತಿರವಾದ, ಮೆತ್ತಗಿನ ಮನುಷ್ಯ. “ಮುನ್ನೂರಕ್ಕೊಂದು ತಾನೇ? ಸಹಿ ಹಾಕಿ ಹೊರಡಮ್ಮ. ಮುಂದೆ ಬರೋರು ನೋಡ್ಕೋತಾರೆ.”

“ಯಾರು ಸರ್ ಬರೋದು?”

“ಯಾರೋ ಒಬ್ರು.”

“ಎಂಟು ವರ್ಷದಿಂದ ಆ ಯಾರೋ ಒಬ್ರಿಗೇ ಕಾಯ್ತಿದೀನಿ.”

ಆರುನೂರ ಮೂವತ್ತನ್ನು ಮುನ್ನೂರ ಹದಿನೇಳರಿಂದ ಭಾಗಿಸಿದಳು. ಎಲ್ಲೆಡೆ ಒಮ್ಮೆ ಕರೆಂಟು ಹೋದರೆ ಹೆಚ್ಚುಕಡಿಮೆ ಎರಡು ಊರಿಗೆ ನೀರಿಲ್ಲ. ಯಾವ ಎರಡು ಎಂದು ಲೆಕ್ಕ ಹೇಳುವುದಿಲ್ಲ. ತನ್ನ ಹಳೆಯ ಸಾಲನ್ನು ಕಿತ್ತು ಸರಿಪಡಿಸಲು ನಾಲ್ಕೈದು ಗಂಟೆ ಸಾಕು. ಆದರೆ ಮೊದಲಿಂದ ಇದ್ದ ಬೀಗ ಮುಟ್ಟಿದ ಮೇಲೆ ಮೂರು ದಿನ ಓಡಿಸದೆ ಸಹಿ ಹಾಕುವಂತಿಲ್ಲ. ಆ ನಿಯಮವನ್ನು ಬರೆದವಳೂ ಅವಳೇ.

ಕಾರಿಡಾರಿಗೆ ಹೋಗಿ ಫೋನು ಮಾಡಿದಳು. “ರೀ, ಇವತ್ತು ಆಗಲ್ಲ.”

“ಇವತ್ತಾ, ಈ ವರ್ಷಾನಾ?” ಎಂದ ಗಂಡ. “ಪುಟ್ಟಿಗೆ ನೀನೇ ಹೇಳು.”

ಮಗಳು ಪೂರ್ತಿ ಕೇಳಿಸಿಕೊಂಡಳು. “ನಿನ್ನ ಮಂಚದ ಮೇಲಿದ್ದ ಗೊಂಬೆ ಎಲ್ಲಾ ಇಳಿಸಿಬಿಟ್ಟಿದ್ದೆ ಅಮ್ಮ. ವಾಪಸ್ ಇಡ್ಲಾ?”

“ಇಡು ಪುಟ್ಟಿ.”

ನಾಲ್ಕು ಗಂಟೆಗೆ ಸರಿಯಾಗಿ ಹೊಸ ಪರೀಕ್ಷೆ ಶುರುವಾಯಿತು, ಈ ಸಲ ಡಿಸ್ಕನ್ನು ಮೊದಲೇ ತುಂಬಿಸಿ. ಐದಕ್ಕೆ ಮುಖ್ಯಸ್ಥರು ಆದೇಶದ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಅವಳ ಮೇಜಿನ ಮೇಲೆ ಒಂದು ಲೋಟ ಚಹಾ ಇಟ್ಟು ಹೋದರು. ಗೋಡೆಯ ಮೇಲಿನ, ಕರೆಂಟು ಕಡಿದು ಕೊಡುವ ರಿಲೇ ತೊಂಬತ್ತು ಸೆಕೆಂಡಿಗೊಮ್ಮೆ ಟಕ್ಕೆನ್ನುತ್ತಿತ್ತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅವಳು ಪ್ರತಿ ಸಲವೂ ತಲೆಯೆತ್ತಿ ನೋಡುತ್ತಿದ್ದಳು.

ಶುಕ್ರವಾರ ಸಂಜೆ ನಾಲ್ಕಕ್ಕೆ ವರದಿಯ ಕೊನೆಯ ಸಾಲು ಬರೆದು ಸಹಿ ಹಾಕಿದಳು: ವಿದ್ಯುತ್ ಕಡಿತ ೨,೮೮೦, ಮತ್ತೆ ಎದ್ದದ್ದು ೨,೮೮೦.