ಎರಡು ಬೂಷ್ಟು, ಒಂದು ತಟ್ಟೆ

ಅಕ್ಕನ ಹೊಟ್ಟೆಕಿಚ್ಚು ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಸಮುದ್ರದಲ್ಲಿ ಕೊಳೆತ ಮರದ ತುಂಡುಗಳಿಂದ ಬೂಷ್ಟು ಕೆರೆದು, ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ಔಷಧಕ್ಕಾಗುವ ರಸಾಯನವೇನಾದರೂ ಸಿಕ್ಕೀತೇ ಎಂದು ಹುಡುಕುತ್ತ ಆ ಪ್ರಯೋಗಾಲಯದಲ್ಲೇ ಅವಳ ಕೂದಲು ನರೆತಿತ್ತು. ಅವಳ ಹಸಿರು ಬೂಷ್ಟು ಚೆನ್ನಾಗಿ ತಿಂದು ಚೆನ್ನಾಗಿ ಬೆಳೆಯಿತೇ ಹೊರತು ಏನನ್ನೂ ಕೊಡಲಿಲ್ಲ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ತಂಗಿಯ ಬಿಳಿ ಬೂಷ್ಟೂ ಕೊಟ್ಟಿರಲಿಲ್ಲ. ಆದರೂ ಪ್ರಯೋಗಾಲಯ ನಡೆಸುತ್ತಿದ್ದ ಮೇಡಂ ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. ಮುಂದಿನ ಯೋಜನೆಗೆ ಇಬ್ಬರಲ್ಲಿ ಒಬ್ಬಳೇ ಮುಖ್ಯಸ್ಥೆ. ಅದು ತಂಗಿಯೇ ಎಂದು ಕ್ಯಾಂಟೀನಿನವರಿಗೂ ಗೊತ್ತಿತ್ತು.

"ನಿನ್ನ ತಂಗಿ ಕೈಗುಣ ಚೆನ್ನಾಗಿದೆ ಕಣಮ್ಮ," ಎಂದರು ಮೇಡಂ.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಕೈಗುಣವಂತೆ! ಆ ಕೈಗೆ ಬೂಷ್ಟು ಎತ್ತುವ ಸೂಜಿ ಹಿಡಿಯಲು ಕಲಿಸಿದವಳು ಯಾರು?

ತಂಗಿ ಊಟಕ್ಕೆ ಹೋದಾಗ ಅಕ್ಕ ಅವಳ ತಟ್ಟೆಯ ಮುಚ್ಚಳ ಎತ್ತಿ, ಬಿಳಿ ಬೂಷ್ಟಿನ ಪಕ್ಕದಲ್ಲಿ ತನ್ನ ಹಸಿರು ಬೂಷ್ಟಿನ ಚೂರೊಂದನ್ನು ಇಟ್ಟುಬಿಟ್ಟಳು. ಅದನ್ನೂ ತಿಂದು ತೇಗಲಿ! ಬೇರೆ ಬೂಷ್ಟು ಸೇರಿದ ತಟ್ಟೆಯನ್ನು ಈ ಕೆಲಸ ಮಾಡುವವರು ಕೆಟ್ಟಿತೆಂದು ಕಂಡ ಕೂಡಲೇ ಬಿಸಾಡುತ್ತಾರೆ.

ತಂಗಿ ಬಿಸಾಡಲಿಲ್ಲ. ಕೆಲವು ದಿನಗಳಲ್ಲೇ ತಟ್ಟೆ ಹಿಡಿದು ಓಡಿಬಂದಳು.

"ಅಕ್ಕಾ, ಇಲ್ನೋಡೇ! ಎರಡರ ಮಧ್ಯೆ ಹಳದಿ ಗೆರೆ. ಅದರ ರಸ ತೆಗೆದು ರೋಗದ ಬ್ಯಾಕ್ಟೀರಿಯಾ ಮೇಲೆ ಹಾಕಿದ್ರೆ ಒಂದೂ ಉಳಿದಿಲ್ಲ! ನನ್ನ ಬಿಳಿ ಬೂಷ್ಟು ಒಂಟಿಯಾಗಿದ್ದಾಗ ಸೋಮಾರಿ ಥರ ಬಿದ್ಕೊಂಡಿತ್ತು, ಪಕ್ಕದಲ್ಲಿ ಇನ್ನೊಂದು ಬಂದಿದ್ದೇ ತಡ ವಿಷ ಕಕ್ಕಿದೆ. ಆದ್ರೆ ಆ ಹಸಿರುದು ಸತ್ತೇಹೋಗಿದೆ, ಯಾವುದು ಅಂತ ಗೊತ್ತಾಗ್ತಿಲ್ಲ. ಅದಿಲ್ದೆ ಇನ್ನೊಂದ್ಸಲ ಮಾಡಿ ತೋರ್ಸೋಕಾಗಲ್ಲ."

ಅಕ್ಕ ತಟ್ಟೆಯೊಳಗೆ ಬಗ್ಗಿ ನೋಡಿದಳು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ತಂಗಿಯ ಮೆರವಣಿಗೆ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಸತ್ತದ್ದು ತನ್ನ ಬೂಷ್ಟು! ಅದಿಲ್ಲದೆ ಇವಳಿಗೆ ಹೆಸರೆಲ್ಲಿಯದು? ಆ ಹೆಸರಿನಲ್ಲಿ ತನ್ನ ಪಾಲನ್ನು ಬಿಟ್ಟುಕೊಡಲು ಹೊಟ್ಟೆಕಿಚ್ಚೇ ಬಿಡಲಿಲ್ಲ.

"ಅದು ನಂದು ಕಣೇ."

ತಂಗಿಯ ಕಣ್ಣರಳಿತು. "ನಂಗೋಸ್ಕರ ಹಾಕಿ ನೋಡಿದ್ಯಾ?"

ಹೂಂ ಎಂದುಬಿಡಬಹುದಿತ್ತು. ಆ ಒಳ್ಳೆಯತನ ಕಂಡು ಅಕ್ಕನ ಹೊಟ್ಟೆ ಇನ್ನಷ್ಟು ಉರಿಯಿತು.

"ಇಲ್ಲ. ನಿಂದನ್ನ ಹಾಳು ಮಾಡೋಕೆ ಹಾಕಿದ್ದು."

ತಂಗಿ ಮುಚ್ಚಳ ಮುಚ್ಚಿದಳು. ಆಮೇಲೆ ಬಿಳಿ ಬೂಷ್ಟಿನ ಹೊಸ ತಟ್ಟೆಯೊಂದನ್ನು ತಂದು ಅಕ್ಕನ ಮುಂದೆ ಸರಿಸಿದಳು.

"ಹಾಗೇ ಹಾಕು," ಎಂದಳು. "ಈ ಸಲ ನಾನು ನೋಡ್ತಾ ನಿಂತಿರ್ತೀನಿ."